ಪಕ್ಕದ ಸೀಟಿನ ಬ್ರೇಕು

ಜೂನ್ 4

ನನ್ನ ಬಾಲವೇ,

ನಾನು ಕ್ಷೇಮ, ನಿನ್ನ ಭಾವ ಕ್ಷೇಮ, ಅವಳೂ ಕ್ಷೇಮ. ಅವಳು ಯಾರು ಅಂತ ಕೇಳುತ್ತೀಯ ತಾನೆ? ಹೇಳುತ್ತೇನೆ, ಅವಸರ ಮಾಡಬೇಡ. ಲಾರಿಯಲ್ಲಿದ್ದರೆ ಲಾರಿ ಪಕ್ಕಕ್ಕೆ ಹಾಕಿ, ಒಂದು ಟೀ ತರಿಸಿಕೊಂಡು ಆಮೇಲೆ ಓದು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಎರಡು ಸಲ 'ಹೂಂ' ಅಂದು ಇಟ್ಟುಬಿಡುತ್ತೀಯ. ಇಂಥ ಸುದ್ದಿ ಎರಡು ಹೂಂಗಳಲ್ಲಿ ಮುಗಿಯುವಂಥದ್ದಲ್ಲ.

ಬಂದಳು ಕಣೋ! ಕೆಂಪು. ಎರಡೇ ಬಾಗಿಲು, ಎರಡೇ ಸೀಟು, ಉದ್ದ ಮೂಗು, ನೆಲಕ್ಕೆ ಹೊಟ್ಟೆ ತಾಗುವಷ್ಟು ಕುಳ್ಳು. ನಾವು ಚಿಕ್ಕವರಿದ್ದಾಗ ಅಂಗಳದಲ್ಲಿ ಇಟ್ಟಿಗೆ ಚೂರಿನಿಂದ ಬರೆದುಕೊಂಡು ಅದರೊಳಗೆ ಕೂರುತ್ತಿದ್ದೆವಲ್ಲ, ಅದೇ ಕಾರು. ಸಂಜೆ ಅಮ್ಮ ನೀರು ಚೆಲ್ಲಿ ಅಳಿಸುತ್ತಿದ್ದಳು, ಮಾರನೇ ದಿನ ನಾವು ಹೊಸ ಮಾಡೆಲ್ ಬಿಡುತ್ತಿದ್ದೆವು. ಪಾತ್ರೆಯ ಮುಚ್ಚಳ ಹಿಡಿದು ತಿರುಗಿಸುವವಳು ನಾನು. ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂರುವವನು ನೀನು. 'ಅಕ್ಕಾ, ಇವತ್ತು ನಾನು ಓಡಿಸ್ತೀನಿ' ಅಂತ ನೀನು ದಿನಾ ಕೇಳುತ್ತಿದ್ದೆ. 'ನಾಳೆ' ಅಂತ ನಾನು ದಿನಾ ಹೇಳುತ್ತಿದ್ದೆ.

ಸಿಕ್ಕಿದ್ದು ಹೇಗೆ ಅಂದರೆ, ತೀರಿಕೊಂಡ ಹಲ್ಲಿನ ಡಾಕ್ಟರ ಹೆಂಡತಿ ನಮ್ಮ ಡ್ರೈವಿಂಗ್ ಶಾಲೆಗೆ ಸೇರಿದರು. ಅರವತ್ತೆರಡು ವರ್ಷ. ಗೇರು ಅಂದರೆ ಅವರಿಗೆ ಹಾವು ಮುಟ್ಟಿದ ಹಾಗೆ. 'ಮನೇಲಿ ಕಾರಿದೆಯಾಮ್ಮ?' ಅಂದೆ. 'ಒಂದಿದೆ, ನಮ್ಮ ಯಜಮಾನರ ಹುಚ್ಚು. ಬಂದು ನೋಡು' ಅಂದರು. ಶೆಡ್ಡಿನಲ್ಲಿ ಹಳೇ ಪರದೆ ಹೊದ್ದು ಮಲಗಿದ್ದಳು. ಪರದೆ ಎಳೆದವಳು ಅಲ್ಲೇ ಒಂದು ಬಣ್ಣದ ಡಬ್ಬಿಯ ಮೇಲೆ ಕೂತುಬಿಟ್ಟೆ.

ಈಗ ನಗಬೇಡ. ಕೀಲಿ ಕೈಗೆ ಬಂದ ದಿನ ಜಂಬದಿಂದ ಬಾಗಿಲು ತೆಗೆದು ಕೂತೆ. ಬೆನ್ನು ಸರಿಮಾಡಿಕೊಂಡೆ, ಕನ್ನಡಿ ನೋಡಿಕೊಂಡೆ, ಕೈ ಚಾಚಿದೆ. ಸ್ಟೀರಿಂಗೇ ಇಲ್ಲ! ಇಪ್ಪತ್ತಾರು ವರ್ಷ ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು ಕೂತು, ನನ್ನ ಸ್ವಂತ ಕಾರಿನಲ್ಲೂ ಪಕ್ಕದ ಸೀಟಿಗೇ ಹೋಗಿ ಕೂತಿದ್ದೆ. ಶಾಲೆಯ ಕಾರಿನಲ್ಲಿ ಕಲಿಸುವವರ ಕಡೆ ಇರುವ ಬ್ರೇಕನ್ನು ನನ್ನ ಬಲಗಾಲು ಇಲ್ಲೂ ಹುಡುಕುತ್ತಿತ್ತು. ನಿನ್ನ ಭಾವ ಬಾಗಿಲಲ್ಲಿ ನಿಂತು, 'ಡ್ರೈವರ್ ಬರೋದು ತಡವಾಗುತ್ತಾ?' ಅಂತ ಕೇಳಿದರು.

ಹೆಸರು ಕುಳ್ಳಿ ಅಂತ ಇಟ್ಟಿದ್ದೇನೆ.

ನಿನ್ನ ಅಕ್ಕ


ಜೂನ್ 19

ಅಕ್ಕಾ,

ಕಾಗದವನ್ನು ಮೂರು ಸಲ ಓದಿದೆ. ಮೂರನೇ ಸಲ ಓದುವಾಗ ಪಕ್ಕದಲ್ಲಿದ್ದವನು 'ಮದುವೆ ಸುದ್ದಿಯಾ?' ಅಂತ ಕೇಳಿದ. 'ಅದಕ್ಕಿಂತ ದೊಡ್ಡದು' ಅಂದೆ.

ಇದನ್ನು ಬಂದರಿನ ರಸ್ತೆಯ ಒಂದು ಟೀ ಅಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ಹಿಂದೆ ಹದಿನಾರು ಚಕ್ರದ ಲಾರಿ, ಮುಂದೆ ಇನ್ನೂ ಎರಡು ದಿನದ ದಾರಿ. ನನ್ನ ಕಥೆ ಇದ್ದದ್ದೇ, ಬಿಡು.

ಒಂದು ಮಾತು. ನಾನು ಯಾವಾಗಲೂ ಏನು ಹೇಳುತ್ತಿದ್ದೆ? ಹಳೇ ಗಾಡಿ ಕೊಳ್ಳುವಾಗ ಕಣ್ಣು ಮುಚ್ಚಬೇಕು, ಕಿವಿ ಬಿಚ್ಚಬೇಕು. ಬಣ್ಣ ನೋಡಿ ಮರುಳಾಗಬಾರದು. ಎಂಜಿನ್ ಸದ್ದು ಹೇಗಿದೆ? ಅದನ್ನು ಬರೆಯಲೇ ಇಲ್ಲ ನೀನು. ಎಲ್ಲಿಗೆ ಓಡಿಸಿಕೊಂಡು ಹೋದೆ, ಎಷ್ಟು ವೇಗ, ಯಾರು ಯಾರು ಹೊಟ್ಟೆ ಉರಿದುಕೊಂಡರು, ಎಲ್ಲ ಬೇಕು.

ಭಾವನಿಗೆ ಹೇಳು, ಎರಡೇ ಸೀಟಿನ ಕಾರು ಬಂದ ಮೇಲೆ ಅವರ ಸೀಟನ್ನು ಭದ್ರ ಮಾಡಿಕೊಳ್ಳಲಿ. ಬಾಲಕ್ಕೆ ಅಭ್ಯಾಸ ಕೆಟ್ಟದ್ದು, ಬಂದರೆ ಪಕ್ಕದಲ್ಲೇ ಕೂರುತ್ತೆ.

ನಿನ್ನ ತಮ್ಮ


ಜುಲೈ 6

ನನ್ನ ಬಾಲವೇ,

ಸದ್ದು ಹೇಗಿದೆ ಅಂತ ಕೇಳಿದ್ದೀಯ. ಹೇಗೆ ಹೇಳಲಿ? ಹಾಲು ಕುಡಿದು ತೊಡೆಯ ಮೇಲೆ ಮಲಗಿದ ಬೆಕ್ಕು ಗುರುಗುಟ್ಟುವುದಿಲ್ಲವಾ, ಹಾಗೆ. ಮೊನ್ನೆ ಭಾನುವಾರ ಊರಾಚೆಯ ಮೂರು ತಿರುವಿನ ಗುಡ್ಡಕ್ಕೆ ಹೋಗಿದ್ದೆ. ಒಬ್ಬಳೇ. ಗಾಜು ಇಳಿಸಿದ್ದೆ, ತಲೆಕೂದಲೆಲ್ಲ ಕಾಗೆಗೂಡು. ಮೊದಲನೇ ತಿರುವಿನಲ್ಲಿ ಒಬ್ಬ ಸೈಕಲ್ ಇಳಿದು ನಿಂತು ನೋಡಿದ. ಮೂರನೆಯದು ದಾಟಿ ಮೇಲೆ ಹೋದಾಗ ಇಡೀ ಊರು ಕಾಲ ಕೆಳಗೆ ಹರಡಿಕೊಂಡಿತ್ತು. ರಾಣಿ ಅನ್ನಿಸಿತು ನೋಡು.

ಇನ್ನೊಂದು ವಿಷಯ ಯಾರಿಗೂ ಹೇಳಬೇಡ. ಸಂಜೆ ಕೊನೆಯ ಕಲಿಯುವವರು ಹೋದ ಮೇಲೆ ನಾನು ಶೆಡ್ಡಿಗೆ ಹೋಗಿ ಅವಳೊಳಗೆ ಸುಮ್ಮನೆ ಕೂರುತ್ತೇನೆ. ಚರ್ಮದ ಸೀಟಿಗೆ ಹಳೇ ಪುಸ್ತಕದ ವಾಸನೆ. ಗೇರಿನ ಗುಂಡು ಅಂಗೈಗೆ ತಣ್ಣಗಿರುತ್ತೆ, ಸ್ವಲ್ಪ ಹೊತ್ತಿಗೆ ಬೆಚ್ಚಗಾಗುತ್ತೆ. ಆವತ್ತು ನಡೆದದ್ದೆಲ್ಲ ಹೇಳಿಕೊಳ್ಳುತ್ತೇನೆ. ಯಾರು ಕ್ಲಚ್ಚು ಸುಟ್ಟರು, ಯಾರು ಎಡ ಅಂದರೆ ಬಲಕ್ಕೆ ಹೋದರು. ಅವಳು ಮಧ್ಯೆ ಬಾಯಿ ಹಾಕುವುದಿಲ್ಲ. ಈ ಮನೆಯಲ್ಲಿ ಆ ಗುಣ ಅವಳೊಬ್ಬಳಿಗೇ.

ದಿನಾ ಬೆಳಿಗ್ಗೆ ಮೆತ್ತನೆ ಬಟ್ಟೆಯಲ್ಲಿ ಒರೆಸುತ್ತೇನೆ. ಬಾಗಿಲ ಹತ್ತಿರ ಒಂದು ಗೀರಿದೆ, ನನ್ನ ಕಿರುಬೆರಳಿನಷ್ಟು. ಬಣ್ಣ ಹಚ್ಚಿಸಿ ಮುಚ್ಚಿಸು ಅಂದರು. ನನಗೆ ಮನಸ್ಸಾಗಲಿಲ್ಲ. ಅವಳು ಪಟ್ಟ ಕಷ್ಟದ ಗುರುತು ಅವಳಿಗಿರಲಿ. ನಿನ್ನ ಭಾವ ಕನ್ನಡಕದ ಅಂಗಡಿಗೆ ಹೊರಡುತ್ತಾ ನಿಂತು ನೋಡಿ, 'ಮೂವತ್ತು ವರ್ಷದಲ್ಲಿ ನನ್ನ ಮೊಣಕಾಲನ್ನ ಒಂದು ದಿನವಾದರೂ ಹೀಗೆ ಒರೆಸಿದ್ದೀಯಾ?' ಅಂದರು. 'ನಿಮ್ಮ ಮೊಣಕಾಲು ಹೀಗೆ ಹೊಳೆಯಲ್ಲ' ಅಂದೆ.

ನಿನ್ನ ಅಕ್ಕ


ಆಗಸ್ಟ್ 2

ಅಕ್ಕಾ,

ಗುಡ್ಡದ ಸವಾರಿ ಓದಿ ಖುಷಿಯಾಯಿತು. ಮೂರನೇ ತಿರುವಿನಲ್ಲಿ ಎಷ್ಟನೇ ಗೇರು ಹಾಕಿದೆ? ಗುಡ್ಡ ಹತ್ತುವ ಮೊದಲು ಒಂದು ಸಣ್ಣ ಸೇತುವೆ ಇದೆಯಲ್ಲ, ಅದು ಈಗ ಹೇಗಿದೆ?

ಇಲ್ಲಿ ಸೆಕೆ. ಲೋಡು ಇಳಿಸುವುದಕ್ಕೆ ಎರಡು ದಿನ ಕಾಯಬೇಕಂತೆ. ಬೇರೇನಿಲ್ಲ.

ತಮ್ಮ


ಆಗಸ್ಟ್ 20

ನನ್ನ ಬಾಲವೇ,

ಎರಡನೇ ಗೇರು. ಸೇತುವೆಗೇನು, ಇದ್ದಲ್ಲೇ ಚೆನ್ನಾಗಿದೆ. ಡ್ರೈವಿಂಗ್ ಕಲಿಸುವವಳಿಗೇ ಪರೀಕ್ಷೆ ಇಡುತ್ತೀಯಾ?

ಈ ಸಲ ನಿನ್ನ ಕಾಗದ ತೀರಾ ತೆಳ್ಳಗಿತ್ತು. ಲಕೋಟೆಯನ್ನು ಅಲ್ಲಾಡಿಸಿ ನೋಡಿದೆ, ಒಳಗೆ ಇನ್ನೊಂದು ಹಾಳೆ ಉಳಿದಿದೆಯಾ ಅಂತ. ಊಟ ಸರಿಯಾಗಿ ಮಾಡುತ್ತಿದ್ದೀಯಾ? ಸೊಂಟ ನೋವು ಹೇಗಿದೆ?

ನಾನು ತುಂಬಾ ದಿನದಿಂದ ಯೋಚನೆ ಮಾಡುತ್ತಿದ್ದೆ. ನೀನು ಮನೆಗೆ ಬಂದು ಎರಡು ವರ್ಷದ ಹತ್ತಿರ ಆಯಿತು. ಹಿಂದೆಲ್ಲ ಲಾರಿಯನ್ನು ನಮ್ಮ ಬೀದಿಯ ತುದಿಯಲ್ಲಿ ನಿಲ್ಲಿಸಿ, ಅಕ್ಕಪಕ್ಕದವರ ಬೈಗುಳ ತಿನ್ನುತ್ತಾ ಒಂದು ರಾತ್ರಿಯಾದರೂ ಇದ್ದು ಹೋಗುತ್ತಿದ್ದೆ. ರಜೆ ಹಾಕು. ಬಾ. ಅಂಗಳದ ಕಾರಿನಲ್ಲಿ ದಿನಾ 'ನಾಳೆ' ಅಂದೆನಲ್ಲ, ಆ ನಾಳೆ ಬಂದಿದೆ ಅಂದುಕೊ. ಕೀಲಿ ನಿನ್ನ ಕೈಗೆ ಕೊಡುತ್ತೇನೆ. ನೀನು ಓಡಿಸು, ನಾನು ಪಕ್ಕದಲ್ಲಿ ಕೂರುತ್ತೇನೆ. ಬಾಯಿ ಮುಚ್ಚಿಕೊಂಡು ಕೂರುತ್ತೇನೆ. ಇದಕ್ಕಿಂತ ದೊಡ್ಡ ಮಾತು ನಿನ್ನ ಅಕ್ಕನಿಂದ ಬರುವುದಿಲ್ಲ.

ಯಾವತ್ತು ಬರುತ್ತೀಯ, ತಾರೀಖು ಬರೆ.

ನಿನ್ನ ಅಕ್ಕ


ಅಕ್ಟೋಬರ್ 11

ಅಕ್ಕನಿಗೆ,

ಕಾಗದ ತಲುಪಿ ತುಂಬಾ ದಿನವಾಯಿತು. ಉತ್ತರಕ್ಕೆ ಪುರುಸೊತ್ತಾಗಲಿಲ್ಲ. ಲೋಡಿನ ಮೇಲೆ ಲೋಡು. ರಜೆ ಸಿಗುವುದಿಲ್ಲ.

ಕಾರು ನಿನ್ನದು. ನೀನೇ ಓಡಿಸಿಕೊ. ದಿನವಿಡೀ ಸ್ಟೀರಿಂಗ್ ತಿರುಗಿಸುವವನಿಗೆ ರಜೆಯಲ್ಲೂ ಸ್ಟೀರಿಂಗ್ ಯಾಕೆ? ಇನ್ನು ಮೇಲೆ ಈ ವಿಷಯಕ್ಕೆ ಕರೆಯಬೇಡ.

ಇಂತಿ


ಅಕ್ಟೋಬರ್ 25

ತಮ್ಮನಿಗೆ,

'ಇಂತಿ' ಅಂತ ಬರೆದು ಕೆಳಗೆ ಏನೂ ಬರೆದಿಲ್ಲ ನೀನು. ಇಂತಿ ಯಾರು? ತಮ್ಮ ಅಂತ ಬರೆಯುವುದಕ್ಕೂ ಮನಸ್ಸಾಗಲಿಲ್ಲವಾ?

ಎರಡು ದಿನ ಕಾಗದವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗಿದೆ. ಪಾಠ ಹೇಳುವಾಗ ಒಬ್ಬರಿಗೆ ನಿಲ್ಲಿಸಿ ಅನ್ನುವ ಕಡೆ ಹೊರಡಿ ಅಂದೆ. ಕೊನೆಗೆ ಗೊತ್ತಾಯಿತು, ನಿನಗೆ ಯಾಕೆ ಕೋಪ ಅಂತ. ಅದು ನಲವತ್ತು ವರ್ಷದ ಹಳೇ ಕೋಪ.

ಅಂಗಳದಲ್ಲಿ ಬರೆಯುತ್ತಿದ್ದ ಆ ಕಾರನ್ನು ಚಿಕ್ಕಂದಿನಲ್ಲಿ ನಾವು ನಿಜವಾಗಿ ಕಂಡದ್ದು ಒಂದೇ ಸಲ. ಎಂಜಿನ್ ಕಾದು, ಮೂಗಿನಿಂದ ಹಬೆ ಬಿಡುತ್ತಾ ನಮ್ಮ ಮನೆ ಮುಂದೆ ಬಂದು ನಿಂತಿತು. ಟೋಪಿ ಹಾಕಿದವರೊಬ್ಬರು ಇಳಿದು ನೀರು ಕೇಳಿದರು. ನಾನು ಬಕೆಟ್ ತಂದೆ. ಎಂಜಿನ್ ತಣ್ಣಗಾಗುವ ತನಕ ಕೂತ್ಕೋ ಮಗು ಅಂದರು. ಒಂದು ಸೀಟಿನಲ್ಲಿ ಅವರ ಪೆಟ್ಟಿಗೆ, ಇನ್ನೊಂದರಲ್ಲಿ ನಾನು. ನಿನಗೆ ಜಾಗ ಇರಲಿಲ್ಲ. ನಾನು ಸ್ಟೀರಿಂಗ್ ಹಿಡಿದು ಮೆರೆಯುತ್ತಿದ್ದೆ, ನೀನು ಖಾಲಿ ಬಕೆಟ್ ಹಿಡಿದು ಕಾರಿನ ಮುಂದೆ ನಿಂತು ಅಳುತ್ತಿದ್ದೆ. ಗಾಜಿನಾಚೆ ನಿನ್ನ ಮುಖ ಈಗಲೂ ಕಾಣುತ್ತೆ. ಎರಡು ನಿಮಿಷ ಇಳಿದು ನಿನ್ನನ್ನು ಕೂರಿಸಬಹುದಿತ್ತು. ಇಳಿಯಲಿಲ್ಲ. ಅದಕ್ಕೆ ನನ್ನನ್ನು ಬೈದುಬಿಡು. ಆದರೆ 'ಕಾರು ನಿನ್ನದು' ಅನ್ನಬೇಡ.

ಇನ್ನೊಂದು ಒಪ್ಪಿಕೊಳ್ಳಬೇಕು. ಕುಳ್ಳಿ ಒಂದು ಅಡಿಯೂ ಓಡಿಲ್ಲ. ಲಾರಿಯ ಮೇಲೆ ಮಲಗಿಕೊಂಡು ಬಂದಳು, ಆರು ಜನ ತಳ್ಳಿ ಶೆಡ್ಡಿಗೆ ಸೇರಿಸಿದೆವು. ಹನ್ನೊಂದು ವರ್ಷ ನಿಂತು ನಿಂತು ಎಂಜಿನ್ ಕಚ್ಚಿಕೊಂಡುಬಿಟ್ಟಿತ್ತು. ಜೂನ್‌ನಿಂದ ಅದು ಬಿಚ್ಚಿ ಮೇಜಿನ ಮೇಲೆ ಕೂತಿದೆ. ಬಣ್ಣ ನೋಡಿ ಮರುಳಾಗಬೇಡ ಅಂತ ನೀನು ಹೇಳಿದ್ದು ನನಗಲ್ಲದೆ ಇನ್ಯಾರಿಗೆ? ಆ ನಾಚಿಕೆಗೆ ಗುಡ್ಡ ಹತ್ತಿಸಿದೆ, ಸೈಕಲ್ಲಿನವನನ್ನು ಇಳಿಸಿದೆ, ಬೆಕ್ಕು ಗುರುಗುಟ್ಟಿಸಿದೆ. ನೀನು ಬರುವಷ್ಟರಲ್ಲಿ ರಿಪೇರಿ ಮುಗಿಯುತ್ತೆ ಅಂತ ನಂಬಿ ನಿನ್ನನ್ನು ಕರೆದೆ. ಸಂಜೆ ಒಳಗೆ ಕೂರುವುದು ಮಾತ್ರ ಸುಳ್ಳಲ್ಲ. ಓಡದ ಕಾರಿನ ಮೇಲೆ ಇಷ್ಟು ಪ್ರೀತಿ ಯಾಕೆ ಅಂತ ನನಗೂ ಗೊತ್ತಿಲ್ಲ. ಮುಂದೆ ಎಂಜಿನ್ನೇ ಇಲ್ಲ, ಆದರೂ ಸ್ಟೀರಿಂಗ್ ಹಿಡಿದ ಕೂಡಲೇ ಅಂಗಳದ ಇಟ್ಟಿಗೆ ಗೆರೆ ಸುತ್ತಲೂ ಎದ್ದು ನಿಲ್ಲುತ್ತೆ. ಪಕ್ಕದ ಸೀಟು ಮಾತ್ರ ಖಾಲಿ.

ಈಗ ನೀನೇ ಹೇಳು. ಬಯ್ಯಬೇಕಾದರೆ ಉದ್ದವಾಗಿ ಬಯ್ಯಿ.

ನಿನ್ನ ಅಕ್ಕ


ನವೆಂಬರ್ 30

ಅಕ್ಕಾ,

ಕುಳ್ಳಿ ಓಡಿಲ್ಲ ಅಂತ ನನಗೆ ಜುಲೈನಲ್ಲೇ ಗೊತ್ತಿತ್ತು. ಮೂರು ತಿರುವಿನ ಗುಡ್ಡದ ರಸ್ತೆ ಮೇ ತಿಂಗಳಿಂದ ಬಂದ್ ಆಗಿದೆ. ಆ ಸಣ್ಣ ಸೇತುವೆ ಬಿಚ್ಚಿ ಹೊಸದಾಗಿ ಕಟ್ಟುತ್ತಿದ್ದಾರೆ. ನೀನು ಊರೊಳಗಿನ ಆ ಆರು ಬೀದಿಗಳಲ್ಲೇ ಪಾಠ ಹೇಳುತ್ತಾ ಸುತ್ತುವವಳು, ನಿನಗೆ ಗೊತ್ತಾಗಲಿಲ್ಲ. ಸೇತುವೆ ಇದ್ದಲ್ಲೇ ಚೆನ್ನಾಗಿದೆ ಅಂತ ಬರೆದೆಯಲ್ಲ, ಅವತ್ತು ಒಬ್ಬನೇ ಕೂತು ನಕ್ಕೆ. ಬಹಳ ದಿನದ ಮೇಲೆ ನಕ್ಕಿದ್ದು. ಅದಕ್ಕೇ ನಿನ್ನ ಸುಳ್ಳನ್ನು ಹಿಡಿಯಲಿಲ್ಲ. ಇನ್ನೂ ನಾಲ್ಕು ಹೇಳಲಿ ಅಂತ ಬಿಟ್ಟೆ.

ನನಗೆ ಸುದ್ದಿ ಹೇಗೆ ಗೊತ್ತಾಯಿತು? ನಿನ್ನ ಊರಿನ ಕಡೆಯಿಂದ ಬರುವ ಡ್ರೈವರುಗಳು ಹೇಳಿದರು. ನಾನು ಈಗ ಡ್ರೈವರಲ್ಲ ಅಕ್ಕಾ. ಕಲ್ಲು ಕ್ವಾರಿಯ ಹತ್ತಿರ ಲಾರಿ ತೂಗುವ ಜಾಗದಲ್ಲಿದ್ದೇನೆ. ಲಾರಿ ಬಂದು ಕಬ್ಬಿಣದ ಹಲಗೆಯ ಮೇಲೆ ನಿಲ್ಲುತ್ತೆ, ನಾನು ಕಿಟಕಿಯೊಳಗೆ ಕೂತು ತೂಕ ಬರೆದು ಚೀಟಿ ಕೊಡುತ್ತೇನೆ. ದಿನಕ್ಕೆ ನೂರು ಲಾರಿ ನನ್ನ ಮುಂದೆ ಹಾದು ಹೋಗುತ್ತವೆ. ಒಂದನ್ನೂ ನಾನು ಮುಟ್ಟುವುದಿಲ್ಲ. ಬಂದರಿನ ರಸ್ತೆ, ಟೀ ಅಂಗಡಿ, ಲೋಡು, ಎಲ್ಲವೂ ಅವರ ಬಾಯಿಂದ ಕೇಳಿ ನಿನಗೆ ಬರೆದದ್ದು.

ಹೋದ ವರ್ಷ ಮಾರ್ಚ್ ತಿಂಗಳು. ಇಳಿಜಾರು, ಒದ್ದೆ ರಸ್ತೆ. ಬ್ರೇಕ್ ಒತ್ತಿದೆ, ಚಕ್ರ ನಿಂತಿತು, ಲಾರಿ ನಿಲ್ಲಲಿಲ್ಲ. ಜಾರಿಕೊಂಡು ಹೋಗಿ ಒಂದು ಬಸ್ ತಂಗುದಾಣಕ್ಕೆ ನುಗ್ಗಿತು. ಒಳಗೆ ಯಾರೂ ಇರಲಿಲ್ಲ. ಯಾರಿಗೂ ಒಂದು ತರಚು ಗಾಯವೂ ಆಗಲಿಲ್ಲ. ನನಗೂ ಆಗಲಿಲ್ಲ. ಆದರೆ ಮುರಿದ ಬೆಂಚಿನ ಕೆಳಗೆ ಒಂದು ಕೊಡೆ ಬಿದ್ದಿತ್ತು. ಹೂವಿನ ಚಿತ್ರದ ಸಣ್ಣ ಕೊಡೆ, ಮಗುವಿನದು. ಬಸ್ಸು ಆಗಷ್ಟೇ ಹೋಯಿತು ಅಂದರು. ಅದು ಎರಡು ನಿಮಿಷ ತಡವಾಗಿ ಬಂದಿದ್ದರೆ?

ತಪ್ಪು ನನ್ನದಲ್ಲ ಅಂತ ಎಲ್ಲರೂ ಬರೆದುಕೊಟ್ಟರು. ವಾರ ಬಿಟ್ಟು ಲಾರಿ ಹತ್ತಿದೆ. ಕೈ ಸರಿಯಾಗೇ ಸ್ಟೀರಿಂಗ್ ಹಿಡಿಯಿತು. ಬಲಗಾಲು ಮಾತ್ರ ಬ್ರೇಕಿನಿಂದ ಏಳಲಿಲ್ಲ. ಏಳು ಅಂದರೂ ಏಳಲ್ಲ, ಮೊಳೆ ಹೊಡೆದ ಹಾಗೆ. ಹಿಂದಿನವರು ಹಾರನ್ ಹೊಡೆಯುತ್ತಿದ್ದಾರೆ, ನನ್ನ ಕಾಲು ಅಲ್ಲೇ. ಇಳಿದು ಬಂದುಬಿಟ್ಟೆ.

'ಬಾ, ಓಡಿಸು' ಅಂತ ನೀನು ಬರೆದಾಗ ಹೆದರಿಕೆಯಾಯಿತು. ಅದಕ್ಕೆ ಹಾಗೆ ಒರಟಾಗಿ ಬರೆದೆ. ಕೋಪ ಅಲ್ಲ.

ಆ ಬಕೆಟ್ಟಿನ ದಿನವನ್ನೂ ನೀನು ತಪ್ಪು ತಿಳಿದಿದ್ದೀಯ. ನನ್ನನ್ನು ಕೂರಿಸಲಿಲ್ಲ ಅಂತ ನಾನು ಅಳಲಿಲ್ಲ. ಆ ಟೋಪಿಯವರು ಆ ಕಾರಿನಲ್ಲಿ ನಿನ್ನನ್ನು ಕರೆದುಕೊಂಡು ಹೋಗಿಬಿಡುತ್ತಾರೆ ಅಂತ ಅತ್ತೆ. ಅದಕ್ಕೇ ಕಾರಿನ ಮುಂದೆ ನಿಂತಿದ್ದು. ಅಡ್ಡ ನಿಂತರೆ ಹೋಗುವುದಕ್ಕಾಗಲ್ಲ ಅಂತ ನನ್ನ ಲೆಕ್ಕ. ಆ ಕಾರಿಗೆ ಅವತ್ತು ನಾನೇ ಬ್ರೇಕು.

ಈಗಲೂ ಬರೀ ಬ್ರೇಕೇ ಆಗಿದ್ದೇನೆ ನೋಡು.

ನಿನ್ನ ತಮ್ಮ


ಡಿಸೆಂಬರ್ 18

ನನ್ನ ಬಾಲವೇ,

ನಿನ್ನ ಕಾಗದವನ್ನು ಕುಳ್ಳಿಯೊಳಗೆ ಕೂತು ಓದಿದೆ. ಎರಡನೇ ಸಲ ನಿನ್ನ ಭಾವನಿಗೆ ಜೋರಾಗಿ ಓದಿ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಗಾಜಿಗೆ ಏನೂ ಆಗಿರಲಿಲ್ಲ.

ನನಗೂ ಗೊತ್ತಿತ್ತು ಕಣೋ. ಪೂರ್ತಿ ಅಲ್ಲ, ಅರ್ಧ. ನೀನು ಬಂದರು ಅಂತ ಬರೆ, ಘಟ್ಟ ಅಂತ ಬರೆ, ಲಕೋಟೆಯ ಮೇಲೆ ಯಾವಾಗಲೂ ಅದೇ ಒಂದು ಊರಿನ ಅಂಚೆ ಮುದ್ರೆ. ಇಪ್ಪತ್ತಾರು ವರ್ಷ ಕನ್ನಡಿ ನೋಡು, ಹಿಂದೆ ನೋಡು, ಪಕ್ಕ ನೋಡು ಅಂತ ಜನರಿಗೆ ಹೇಳಿದವಳು ಅಷ್ಟೂ ನೋಡುವುದಿಲ್ಲವಾ? ಇವನು ಎಲ್ಲೋ ನಿಂತುಬಿಟ್ಟಿದ್ದಾನೆ ಅನ್ನಿಸಿತು. ಯಾಕೆ ಅಂತ ಕೇಳಿದರೆ ಬರೆಯುವುದನ್ನೂ ನಿಲ್ಲಿಸಿಬಿಡುತ್ತಾನೆ ಅಂತ ಹೆದರಿ ಸುಮ್ಮನಿದ್ದೆ. ನೀನು ನನ್ನ ಸೇತುವೆ ಕಾಪಾಡಿದೆ, ನಾನು ನಿನ್ನ ಬಂದರು ಕಾಪಾಡಿದೆ. ಸರಿಹೋಯಿತು ಬಿಡು.

ಈಗ ಸುದ್ದಿ ಕೇಳು. ಕುಳ್ಳಿಗೆ ಜೀವ ಬಂತು! ರಿಪೇರಿ ಮಾಡಿದವನು ನನ್ನ ಹಳೇ ಶಿಷ್ಯ, ಈಗ ಮೀಸೆ ಹಣ್ಣಾಗಿದೆ. ಲೈಸೆನ್ಸ್ ಪರೀಕ್ಷೆಯಲ್ಲಿ ನಾಲ್ಕು ಸಲ ಫೇಲಾದವನು, ಅದಕ್ಕೇ ನಾವೆಲ್ಲ 'ನಾಲ್ಕುಸಲ' ಅಂತ ಕರೆಯುವುದು. ಗಾಡಿ ಓಡಿಸುವುದು ಅವನಿಗೆ ಬರಲೇ ಇಲ್ಲ, ಗಾಡಿಯ ಹೊಟ್ಟೆನೋವು ಮಾತ್ರ ಚೆನ್ನಾಗಿ ತಿಳಿಯುತ್ತೆ. ಎಂಜಿನ್ನಿಗೆ ಸ್ಕ್ರೂಡ್ರೈವರ್ ಒತ್ತಿ, ಅದರ ಹಿಡಿಯನ್ನು ಕಿವಿಗೆ ಇಟ್ಟುಕೊಂಡು, ಡಾಕ್ಟರ ಹಾಗೆ ಕಣ್ಣು ಮುಚ್ಚಿ ಕೇಳಿದ. 'ಉಸಿರಾಡ್ತಿದ್ದಾಳೆ ಟೀಚರಮ್ಮ' ಅಂದ. ಸದ್ದು ಬೆಕ್ಕಿನ ಹಾಗಿಲ್ಲ. ತಗಡಿನ ಡಬ್ಬದಲ್ಲಿ ಬೆಣಚುಕಲ್ಲು ಹಾಕಿ ಕುಲುಕಿದ ಹಾಗಿದೆ. ಶೆಡ್ಡಿನ ಹೆಂಚಿನ ಮೇಲಿದ್ದ ಪಾರಿವಾಳಗಳೆಲ್ಲ ಎದ್ದು ಹಾರಿದವು. ನಾನು ಅಲ್ಲೇ ನಿಂತು ಅತ್ತೆ, ನಾಲ್ಕುಸಲ ಮೀಸೆ ತಿರುವುತ್ತಾ ಗೋಡೆ ಕಡೆ ತಿರುಗಿದ.

ಒಂದು ವಾರ ಓಡಿಸಿದೆ. ಈ ಸಲ ನಿಜವಾಗಿ. ಆಮೇಲೆ ಒಂದು ಕೆಲಸ ಮಾಡಿಸಿದೆ.

ಶಾಲೆಯ ಮೊದಲನೇ ಕಾರು ನೆನಪಿದೆಯಾ, ಬಿಳಿಯದು? ಗುಜರಿಗೆ ಹಾಕುವಾಗ ಪಕ್ಕದ ಸೀಟಿನ ಬ್ರೇಕ್ ಪೆಡಲನ್ನು ಬಿಚ್ಚಿ ಇಟ್ಟುಕೊಂಡಿದ್ದೆ. ನೂರಾರು ಜನರನ್ನು ಗೋಡೆಯಿಂದ, ಕಂಬದಿಂದ, ಎಮ್ಮೆಯಿಂದ ಉಳಿಸಿದ ಪೆಡಲು. ರಬ್ಬರಿನಲ್ಲಿ ನನ್ನ ಪಾದದ ತಗ್ಗು ಬಿದ್ದಿದೆ. ಅದನ್ನು ನಾಲ್ಕುಸಲನ ಮುಂದೆ ಇಟ್ಟು, ಕುಳ್ಳಿಗೆ ಕೂರಿಸು ಅಂದೆ.

ಅವನು ಪೆಡಲು ನೋಡಿದ, ಕಾರು ನೋಡಿದ, ನನ್ನ ಮುಖ ನೋಡಿದ. 'ತಲೆ ನೆಟ್ಟಗಿದೆಯಾ ಟೀಚರಮ್ಮ? ಇವಳು ರೇಸಿನ ಕುದುರೆ. ಇವಳಿಗೆ ಕಲಿಯೋರ ಬ್ರೇಕಾ? ನೆಲ ಕೊರೀಬೇಕಾಗುತ್ತೆ. ಕೊರೆದರೆ ಮುಗೀತು, ಮತ್ತೆ ಮೊದಲಿನ ಹಾಗಾಗಲ್ಲ.'

'ಕೊರಿ' ಅಂದೆ.

'ಒಂದು ಗೀರಿಗೆ ಬಣ್ಣ ಹಚ್ಚೋಕೆ ಬಿಡದೋರು ನೀವು.'

'ಕೊರಿಯೋ ಮಾರಾಯ!'

ಡ್ರಿಲ್ಲು ನೆಲ ಮುಟ್ಟಿದಾಗ ನನ್ನದೇ ಹಲ್ಲು ಕಿತ್ತ ಹಾಗಾಯಿತು. ಹೊರಗೆ ಹೋಗಿ ನಿಂತುಕೊಂಡೆ. ಚಿಕ್ಕಂದಿನಿಂದ ಕಂಡ ಕನಸಿಗೆ ಕೈಯಾರೆ ತೂತು ಹಾಕಿಸಿದೆನಲ್ಲ ಅನ್ನಿಸಿತು. ಮುಗಿದ ಮೇಲೆ ಒಳಗೆ ಕೂತು ಕಾಲಿಟ್ಟೆ. ಪೆಡಲಿನ ತಗ್ಗಿಗೆ ನನ್ನ ಪಾದ ಹೋಗಿ ತಾನಾಗೇ ಕೂತಿತು. ಕುಳ್ಳಿಗೂ ಈ ಮನೆಯ ಅಭ್ಯಾಸವಾಗಿದೆ. ನಾಲ್ಕುಸಲ ಕೆಳಗೆ ಬಗ್ಗಿ ನೋಡುತ್ತಾ, 'ನನ್ನ ಪಕ್ಕ ಕೂತು ಇದನ್ನ ನೀವು ತುಳಿದಷ್ಟು ಇನ್ಯಾರ ಪಕ್ಕಾನೂ ತುಳಿದಿಲ್ಲ' ಅಂದ. 'ಆದರೂ ನನಗೆ ಹೆದರಿಕೆ ಆಗ್ಲಿಲ್ಲ, ಇದಿತ್ತಲ್ಲ ಅದಕ್ಕೆ.'

ಅದೇ ಮಾತು ನಿನಗೂ. ನಿನ್ನ ಬಲಗಾಲು ಬ್ರೇಕಿನಿಂದ ಏಳುವುದಿಲ್ಲ, ಯಾಕೆಂದರೆ ಇಡೀ ರಸ್ತೆಯನ್ನು ಅದೊಂದೇ ಕಾಯಬೇಕು ಅಂದುಕೊಂಡಿದೆ. ಬ್ರೇಕಿನ ಚಿಂತೆ ನನಗೆ ಬಿಡು. ನನ್ನ ಕಾಲು ಅಲ್ಲೇ ಇರುತ್ತೆ. ಇಪ್ಪತ್ತಾರು ವರ್ಷದಲ್ಲಿ ಒಂದು ದಿನವೂ ಅದು ತಪ್ಪಿಲ್ಲ. ನಿನ್ನ ಕಾಲು ಸುಮ್ಮನೆ ಪಕ್ಕಕ್ಕೆ ಸರಿಯಲಿ, ಅಷ್ಟೇ ಅದರ ಕೆಲಸ.

ಸೇತುವೆ ಜನವರಿಗೆ ಮುಗಿಯುತ್ತಂತೆ. ಈ ಸಲ ವಿಚಾರಿಸಿದ್ದೇನೆ.

ನಿನ್ನ ಅಕ್ಕ


ಜನವರಿ 5

ಅಕ್ಕಾ,

ಎಂಟು ಸಲ ಉತ್ತರ ಬರೆದು ಹರಿದೆ. ಆ ಕಾರಿನ ನೆಲ ಕೊರೆಸಿದೆಯಾ? ನಿಜವಾಗಲೂ?

ಬರುತ್ತೇನೆ. ಜನವರಿ ಇಪ್ಪತ್ತೈದಕ್ಕೆ ಬಸ್ಸಿನಲ್ಲಿ ಬರುತ್ತೇನೆ. ಓಡಿಸುತ್ತೇನೆ ಅಂತ ಮಾತು ಕೊಡುವುದಿಲ್ಲ. ಪಕ್ಕದಲ್ಲಿ ಕೂರುತ್ತೇನೆ, ಅಷ್ಟು ಮಾತ್ರ. ಬಲವಂತ ಮಾಡಿದರೆ ಅದೇ ಬಸ್ಸಿಗೆ ವಾಪಸ್ಸು.

ಭಾವನಿಗೆ ಹೇಳು, ಮೂರು ದಿನ ಅವರ ಸೀಟು ನನ್ನದು.

ತಮ್ಮ


ಫೆಬ್ರವರಿ 9

ಅಕ್ಕಾ,

ಸುಖವಾಗಿ ಬಂದು ಸೇರಿದೆ. ನೀನು ಕಟ್ಟಿಕೊಟ್ಟದ್ದನ್ನೆಲ್ಲ ಬಸ್ಸಿನಲ್ಲೇ ತಿಂದು ಮುಗಿಸಿದೆ. ಪಕ್ಕದವರಿಗೂ ಸ್ವಲ್ಪ ಕೊಟ್ಟೆ, ಜಾಸ್ತಿ ಏನಲ್ಲ.

ಅಲ್ಲಿದ್ದಾಗ ನಾನು ಹೆಚ್ಚು ಮಾತಾಡಲಿಲ್ಲ. ಎರಡು ಹೂಂಗಳಲ್ಲಿ ಮುಗಿಸಿದೆ ಅಂತ ನೀನು ಬೈಯುವ ಮೊದಲು ಇಲ್ಲಿ ಬರೆಯುತ್ತೇನೆ.

ಮೊದಲ ಎರಡು ದಿನ ನೀನು ಬಲವಂತ ಮಾಡಲಿಲ್ಲ. ಅದು ನಿನಗೆಷ್ಟು ಕಷ್ಟವಾಯಿತು ಅಂತ ನಿನ್ನ ಗಂಟಲು ನೋಡಿದರೇ ತಿಳಿಯುತ್ತಿತ್ತು. ಹೇಳಬೇಕಾದ ಮಾತುಗಳೆಲ್ಲ ಅಲ್ಲಿ ಸಾಲುಗಟ್ಟಿ ನಿಂತಿದ್ದವು. ಮೂರನೇ ಬೆಳಿಗ್ಗೆ ನೀನು ಕೀಲಿಯನ್ನು ಮೇಜಿನ ಮೇಲಿಟ್ಟು ಹೋಗಿ ಪಕ್ಕದ ಸೀಟಿನಲ್ಲಿ ಕೂತೆ. ಭಾವ ಪತ್ರಿಕೆಯಿಂದ ತಲೆ ಎತ್ತದೆ, 'ಡ್ರೈವರ್ ಬರೋದು ತಡವಾಗುತ್ತಾ ಅಂತ ಕೇಳ್ತಾ ಇದ್ದಾಳೆ' ಅಂದರು.

ಕೂತೆ. ಕಾಲು ಹೋಗಿ ಬ್ರೇಕ್ ಹಿಡಿಯಿತು, ಏಳಲಿಲ್ಲ. ಕುಳ್ಳಿ ಗಡಗಡ ಅನ್ನುತ್ತಾ ನಿಂತಿದ್ದಳು. ಬೆವರು ಇಳಿಯುತ್ತಿತ್ತು. ಆಗ ನೀನು, 'ನಂದು ಇಲ್ಲೇ ಇದೆ ಕಣೋ' ಅಂದೆ. ಒಂದೇ ಸಲ ಅಂದೆ. ಹೇಗೆ ಎದ್ದಿತು ಅಂತ ಗೊತ್ತಿಲ್ಲ, ಕಾಲು ಎದ್ದಿತು. ನಿನ್ನ ಆರು ಬೀದಿ ದಾಟಿದೆವು. ಹೊಸ ಸೇತುವೆ ಬಂತು. ಗುಡ್ಡದ ಬುಡ ಬಂತು. ಮೊದಲನೇ ತಿರುವು ತಿರುಗಿಸಿದೆ, ಎರಡನೆಯದೂ ಆಯಿತು. ಅಲ್ಲಿ ನಿಜವಾಗಲೂ ಒಬ್ಬ ಸೈಕಲ್ ಇಳಿದು ನಿಂತು ನೋಡಿದ, ನಿನ್ನ ಸುಳ್ಳನ್ನು ನಿಜ ಮಾಡುವುದಕ್ಕೇ ಯಾರೋ ಕಳಿಸಿದ ಹಾಗೆ. ಮೂರನೆಯ ತಿರುವಿನಲ್ಲಿ ರಸ್ತೆ ಮೇಲೆ ಕಲ್ಲು ಬಿದ್ದಿತ್ತು. ಬ್ರೇಕ್ ಒತ್ತಿದೆ, ನಿಂತಿತು. ಬಿಟ್ಟೆ, ಹೊರಟಿತು. ಅಕ್ಕನೂ ತನ್ನ ಬ್ರೇಕು ಒತ್ತಿದ್ದಾಳೆ, ಎಷ್ಟು ನಯವಾಗಿ ಅಂದರೆ ನನಗೆ ಗೊತ್ತೇ ಆಗಲಿಲ್ಲವಲ್ಲ ಅಂದುಕೊಂಡೆ.

ಮೇಲೆ ಹೋಗಿ ನಿಲ್ಲಿಸಿದಾಗ ಕೈ ಬ್ರೇಕ್ ಎಳೆಯಲು ಬಗ್ಗಿದೆ. ನೀನು ಕಿಟಕಿಯಾಚೆ ಊರು ನೋಡುತ್ತಾ, 'ಎಷ್ಟನೇ ಗೇರು ಹಾಕಿದೆ?' ಅಂತ ಕೇಳುತ್ತಿದ್ದೆ. ನಾನು ನೋಡಲಿಲ್ಲ ಅಂದುಕೊಂಡಿದ್ದೀಯ. ನೋಡಿದೆ ಅಕ್ಕಾ. ಪೆಡಲಿನ ಹತ್ತಿರ ನಿನ್ನ ಚಪ್ಪಲಿ ಮಾತ್ರ ಇದ್ದವು, ಜೋಡಿಯಾಗಿ, ಬಾಗಿಲ ಮುಂದೆ ಬಿಟ್ಟ ಹಾಗೆ. ನಿನ್ನ ಕಾಲುಗಳು ಸೀಟಿನ ಮೇಲಿದ್ದವು. ಚಕ್ಕಳಮಕ್ಕಳ ಹಾಕಿ ಕೂತಿದ್ದೆ ನೀನು, ಅಂಗಳದ ಕಾರಿನಲ್ಲಿ ನಾನು ಕೂರುತ್ತಿದ್ದ ಹಾಗೆ. ಯಾವ ತಿರುವಿನಿಂದ ಹಾಗೆ ಕೂತಿದ್ದೆ ಅಂತ ಆಗ ಕೇಳಲಿಲ್ಲ. ಈಗಲೂ ಕೇಳುವುದಿಲ್ಲ, ನೀನು ಹೇಳಬೇಡ.

ನಿನ್ನೆ ಇಲ್ಲಿ ಒಬ್ಬ ಡ್ರೈವರ್ ತೂಕದ ಹಲಗೆಯ ಮೇಲೆ ಲಾರಿ ನಿಲ್ಲಿಸಿ ಟೀಗೆ ಹೋದವನು ಬರಲೇ ಇಲ್ಲ. ಹಿಂದೆ ಹತ್ತು ಗಾಡಿ ಹಾರನ್ ಹೊಡೆಯುತ್ತಿದ್ದವು. ಕಿಟಕಿಯಿಂದ ಎದ್ದು ಹೋಗಿ, ಹತ್ತಿ, ಇಳಿಸಿ ಪಕ್ಕಕ್ಕೆ ಹಾಕಿದೆ. ಎಲ್ಲ ಸೇರಿ ಮೂವತ್ತು ಅಡಿ ಇರಬಹುದು. ಡ್ರೈವರ್ ಓಡಿ ಬಂದು, 'ನಿಮಗೆ ಲಾರಿ ಓಡಿಸೋಕೆ ಬರುತ್ತಾ ಸಾರ್?' ಅಂದ. 'ಕಲೀತಾ ಇದ್ದೀನಿ' ಅಂದೆ.

ಮುಂದಿನ ತಿಂಗಳು ಮತ್ತೆ ಬರುತ್ತೇನೆ. ಅಷ್ಟರೊಳಗೆ ನಾಲ್ಕುಸಲನ ಮಾತು ಕೇಳಿ ಆ ಪೆಡಲು ತೆಗೆಸಿ, ತೂತು ಮುಚ್ಚಿಸಿಬಿಡಬೇಡ. ಅದು ಅಲ್ಲೇ ಇರಲಿ. ಇಲ್ಲದಿದ್ದರೆ ನೀನು ಚಪ್ಪಲಿ ಎಲ್ಲಿ ಬಿಡುತ್ತೀಯ?

ನಿನ್ನ ಬಾಲ